ಏಲಕ್ಕಿ ವಾಸನೆಯ ಲೆನ್ಸು

ಕ್ಯಾಮೆರಾ ಬ್ಯಾಗಿನ ಜಿಪ್ಪು ಎಳೆಯಲಿಕ್ಕೆ ಕೊಬ್ಬರಿ ಎಣ್ಣೆ ಹಾಕಬೇಕಾಯಿತು. ಅಷ್ಟು ವರ್ಷ ಅದು ಬೀರುವಿನ ಕೆಳಗಿನ ಖಾನೆಯಲ್ಲಿ ಹೆಂಡತಿಯ ಮದುವೆ ಸೀರೆಗಳ ಅಡಿಗೆ ಬಿದ್ದಿತ್ತು. ಕೊಡಗಿನ ಕಕ್ಕಬೆಯ ಮಳೆಗಾಲ ಗೋಡೆಯಾಚೆ ನಿಲ್ಲುವಂಥದ್ದಲ್ಲ, ಬೀರುವಿನೊಳಗೂ ಬಂದು ಕೂರುತ್ತದೆ. ಕ್ಯಾಮೆರಾದ ಬೆಲ್ಟಿಗೆ ಹಸಿರು ಬೂಷ್ಟು ಹತ್ತಿತ್ತು. ಬ್ಯಾಟರಿ ಊದಿಕೊಂಡಿತ್ತು. ಲೆನ್ಸನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಒಳಗಿನ ಗಾಜಿನ ಮೇಲೆ ಯಾರೋ ಉಸಿರು ಬಿಟ್ಟ ಹಾಗೆ ಮಂಜು. ಹೆಂಡತಿ ಬಂದು ಇಣುಕಿ ನೋಡಿ, ಫೋನಿನಲ್ಲೇ ತೆಗೆಯಬಾರದಾ ಅಂದಳು. ಆ ಮಾತು ಕೇಳಿದ್ದರೆ ಇವತ್ತು ಇದನ್ನು ಬರೆಯುವ ಗತಿ ಬರುತ್ತಿರಲಿಲ್ಲ.

ನಾನು ಫೋನಿನಲ್ಲೇ ತೆಗೆಯುತ್ತಿದ್ದವನು. ನಮ್ಮ ಕಡೆ ಹೋಂಸ್ಟೇಗಳು ಎದ್ದ ಮೇಲೆ ಎಲ್ಲರಿಗೂ ಬೇಕಾದದ್ದು ಮಂಚ, ಬಚ್ಚಲು, ಬೆಟ್ಟ, ಒಂದು ಲೋಟ ಕಾಫಿ. ಅದನ್ನು ಬೆಳಿಗ್ಗೆ ತೆಗೆದು ಮಧ್ಯಾಹ್ನ ಕಳಿಸಿದರೆ ಸಾಕು. ಕತ್ತಲಿದ್ದರೆ ಫೋನೇ ಬೆಳಕು ಮಾಡಿಕೊಳ್ಳುತ್ತದೆ, ಮುಖ ಕಪ್ಪಾದರೆ ಅದೇ ತೊಳೆಯುತ್ತದೆ. ಹಿಂದಿನ ಬೆಟ್ಟವೂ ಮುಂದಿನ ಲೋಟವೂ ಒಟ್ಟಿಗೆ ಚೆಂದ ಕಾಣುತ್ತವೆ. ನಾನು ಮಾಡಬೇಕಾದದ್ದು ಹೆಬ್ಬೆರಳು ಒತ್ತುವುದು ಮಾತ್ರ. ಆದರೂ ಯಾರಾದರೂ ಪ್ರವಾಸಿಗ ಕುತ್ತಿಗೆಗೆ ದೊಡ್ಡ ಕ್ಯಾಮೆರಾ ಹಾಕಿಕೊಂಡು ಬಂದರೆ ನನಗೊಂದು ಉರಿ. ನನ್ನ ಹತ್ತಿರವೂ ಇದೆ ಸ್ವಾಮಿ, ತೆಗೆಯುವಷ್ಟು ದೊಡ್ಡ ಕೆಲಸ ಬರಲಿಲ್ಲ ಅಷ್ಟೇ ಅಂತ ಹೇಳಿಕೊಳ್ಳುತ್ತಿದ್ದೆ.

ಆ ದೊಡ್ಡ ಕೆಲಸ ತಂದದ್ದು ಅಕ್ಕ. ನನ್ನ ಒಡಹುಟ್ಟಿದವಳಲ್ಲ, ನಮ್ಮ ರಸ್ತೆಗೆಲ್ಲ ಅವರು ಅಕ್ಕನೇ. ಹೊಸ ಮನೆ ಕಟ್ಟಿಸಿದ್ದರು, ತುಲಾ ಸಂಕ್ರಮಣ ಕಳೆದ ಮೇಲೆ ಒಕ್ಕಲು, ಅಂದರೆ ಗೃಹಪ್ರವೇಶ, ಇಟ್ಟುಕೊಂಡಿದ್ದರು. ಪೂಜೆ, ಹಾಲುಕ್ಕಿಸುವುದು, ಊಟ, ಇವುಗಳ ಫೋಟೊ ಯಾರಾದರೂ ತೆಗೆಯಲಿ, ನನಗೆ ಬೇಕಾದದ್ದು ಒಂದೇ ಒಂದು ಅಂದರು. ಅಕ್ಕನಿಗೆ ಒಬ್ಬ ಅಣ್ಣ, ಒಬ್ಬ ತಮ್ಮ. ಅಣ್ಣನನ್ನು ಊರವರೆಲ್ಲ ದೊಡ್ಡಣ್ಣ ಅಂತ ಕರೆಯುತ್ತಾರೆ. ತಮ್ಮ ನನ್ನ ಜೊತೆ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವನು, ಇವತ್ತಿಗೂ ನನ್ನ ಗೆಳೆಯ. ಅಣ್ಣ ತಮ್ಮ ಇಬ್ಬರಿಗೂ ಮಾತು ಬಿಟ್ಟು ಎಷ್ಟೋ ವರ್ಷ.

ಜಗಳದ ಮೂಲ ಒಂದು ಡ್ರೈಯರ್ ಮನೆ. ಹಸಿ ಏಲಕ್ಕಿಯನ್ನು ಸೌದೆಯ ಬಿಸಿಯಲ್ಲಿ ಒಣಗಿಸುವ ಕಲ್ಲಿನ ಕೋಣೆ. ಅಣ್ಣ ತಮ್ಮ ಸೇರಿ, ಹೊಳೆಯಿಂದ ಕಲ್ಲು ಹೊತ್ತು, ಕೈಯಾರೆ ಕಟ್ಟಿದ್ದು. ಆಸ್ತಿ ಪಾಲಾದಾಗ ಅದಿದ್ದ ಜಾಗ ತಮ್ಮನ ಕಡೆ ಹೋಯಿತು. ಒಟ್ಟಿಗೆ ಒಣಗಿಸೋಣ ಅಂತ ತಮ್ಮ ಕರೆದನೋ ಇಲ್ಲವೋ, ಕರೆದದ್ದು ಸರಿಯಾಗಿ ಕರೆದನೋ ಇಲ್ಲವೋ, ಅದರಲ್ಲಿ ಎರಡು ಕಥೆಗಳಿವೆ. ದೊಡ್ಡಣ್ಣ ಮತ್ತೆ ಅದರ ಹೊಸ್ತಿಲು ತುಳಿಯಲಿಲ್ಲ. ತನ್ನ ಏಲಕ್ಕಿಯನ್ನು ಜೀಪಿಗೆ ತುಂಬಿ ಬೇರೆಯವರ ಡ್ರೈಯರಿಗೆ ಒಯ್ಯುತ್ತಾರೆ, ತಮ್ಮನ ಮನೆಯ ಮುಂದೆಯೇ.

"ಇಬ್ಬರೂ ಬರ್ತೀವಿ ಅಂದಿದಾರೆ. ನನ್ನ ಆಚೆ ಒಬ್ಬರು, ಈಚೆ ಒಬ್ಬರು ನಿಂತು ಒಂದು ಫೋಟೊ ಆಗ್ಬೇಕು. ಗೋಡೆಗೆ ಹಾಕುವಂಥದ್ದು. ಇನ್ನೊಂದು ಸಲ ನಿಲ್ತಾರೆ ಅಂತ ನಂಗೆ ಧೈರ್ಯ ಇಲ್ಲ," ಅಂದರು ಅಕ್ಕ.

ಅಂಥ ಫೋಟೊ ಫೋನಿನಲ್ಲಿ ತೆಗೆಯುವುದಲ್ಲ ಅಕ್ಕ, ನನ್ನ ದೊಡ್ಡ ಕ್ಯಾಮೆರಾ ಇದೆ ಅಂದೆ. ಅವರೇನೂ ಕ್ಯಾಮೆರಾ ಕೇಳಿರಲಿಲ್ಲ. ನನ್ನ ಬಾಯಿ ಸುಮ್ಮನಿರಬೇಕಲ್ಲ.

ಹೊಸ ಬ್ಯಾಟರಿ ಮಡಿಕೇರಿಯಲ್ಲಿ ಸಿಕ್ಕಿತು. ಕ್ಯಾಮೆರಾ ಎದ್ದು ಕೂತಿತು. ಲೆನ್ಸಿನ ಮಂಜು ಮಾತ್ರ ಹೋಗಲಿಲ್ಲ. ಅಕ್ಕಿ ಡಬ್ಬದಲ್ಲಿ ಇಟ್ಟೆ, ಬಲ್ಬಿನ ಕೆಳಗೆ ಇಟ್ಟೆ, ಬಿಸಿಲಿಗೆ ಇಡೋಣ ಅಂದರೆ ಬಿಸಿಲೇ ಇಲ್ಲ, ಸಂಕ್ರಮಣ ಆದರೂ ಸಂಜೆಯಾದರೆ ಮಳೆ. ಒಕ್ಕಲು ಹತ್ತಿರ ಬಂತು. ಆಗ ನಮ್ಮ ಊರಿನವರಿಗೆ ಮಾತ್ರ ಹೊಳೆಯಬಹುದಾದ ಒಂದು ಬುದ್ಧಿ ನನಗೂ ಹೊಳೆಯಿತು. ಮಳೆಗಾಲದಲ್ಲಿ ನಮ್ಮಲ್ಲಿ ಏನು ಒಣಗದಿದ್ದರೂ ಡ್ರೈಯರ್ ಮನೆಗೆ ಒಯ್ಯುವುದು ರೂಢಿ. ಕಂಬಳಿ, ಮಕ್ಕಳ ಸ್ಕೂಲ್ ಬ್ಯಾಗು, ಒದ್ದೆ ಚಪ್ಪಲಿ, ಒಮ್ಮೆ ಯಾರೋ ಪಾಸ್‌ಪುಸ್ತಕವನ್ನೂ ಒಣಗಿಸಿದ್ದರು. ನಾನು ಲೆನ್ಸನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಗೆಳೆಯನ ಡ್ರೈಯರಿಗೆ ಹೋದೆ.

ಹೌದು, ಅದೇ ಡ್ರೈಯರಿಗೆ. ನನಗೆ ಹತ್ತಿರದ್ದು ಅದೇ.

ಗೆಳೆಯ ನಕ್ಕು, ಏಲಕ್ಕಿ ಬೀಜದ ಹಾಗೆ ನಿನ್ನ ಗಾಜು ಸಿಡಿದು ಹೋದರೆ ನನ್ನ ಕೇಳಬೇಡ ಅಂದ. ಮೇಲಿನ ತಟ್ಟೆಯಲ್ಲಿ ಹಸಿರು ಕಾಯಿಗಳ ಪಕ್ಕ ಜಾಗ ಕೊಟ್ಟ. ಮರುದಿನ ತೆಗೆದು ಬೆಳಕಿಗೆ ಹಿಡಿದರೆ ಮಂಜು ಮಾಯ. ಗಾಜು ಫಳಫಳ. ಇಷ್ಟೇನಾ ಅನ್ನಿಸಿತು. ಮನೆಯೊಳಗಿನ ಮಬ್ಬು ಬೆಳಕಿನಲ್ಲಿ, ಲೆನ್ಸಿನ ಕಿಂಡಿ ಪೂರ್ತಿ ತೆರೆದಿಟ್ಟು, ಹೆಂಡತಿಯ ಒಂದು ಫೋಟೊ ತೆಗೆದು ನೋಡಿದೆ. ಕಣ್ಣಿನ ರೆಪ್ಪೆ ಎಣಿಸಬಹುದಿತ್ತು. ಕ್ಯಾಮೆರಾ ಏಲಕ್ಕಿ ಪಾಯಸದ ಹಾಗೆ ಘಮಘಮ ಅನ್ನುತ್ತಿದೆ ಅಂತ ಅವಳು ನಕ್ಕಳು. ಪೂರ್ತಿ ತೆರೆದಾಗ ಸರಿಯಿದ್ದರೆ ಮುಚ್ಚಿದಾಗಲೂ ಸರಿಯಿರುತ್ತದೆ ಅಂತ ನಾನು ಯಾಕೆ ಅಂದುಕೊಂಡೆನೋ. ಪರೀಕ್ಷೆ ಮಾಡಿದೆ ಅನ್ನುವ ಸಮಾಧಾನಕ್ಕೆ ಮಾಡಿದ ಪರೀಕ್ಷೆ ಅದು.

ಒಕ್ಕಲಿನ ದಿನ ಊಟಕ್ಕೆ ಮುಂಚೆ ಅಕ್ಕ ಕಣ್ಣಲ್ಲೇ ಸನ್ನೆ ಮಾಡಿದರು. ಹೊಸ ಮನೆಯ ಅಂಗಳದಲ್ಲಿ ಅಕ್ಕ ಕುರ್ಚಿಯಲ್ಲಿ ಕೂತರು. ಗೆಳೆಯ ಬಂದು ಅವರ ಎಡಗಡೆ, ಕುರ್ಚಿಯ ಕೈಗೆ ತಾಗಿಕೊಂಡು ನಿಂತ. ದೊಡ್ಡಣ್ಣ ಬಹಳ ಹೊತ್ತು ಯಾರ ಜೊತೆಗೋ ಕಾಫಿ ರೇಟು ಮಾತಾಡುತ್ತ ನಿಂತಿದ್ದರು. ಆಮೇಲೆ ಶಾಲು ಸರಿಮಾಡಿಕೊಂಡು ಬಂದರು. ಬಂದವರು ಬಲಗಡೆ ನಿಂತರು, ಆದರೆ ತಮ್ಮನ ಸಾಲಿನಲ್ಲಿ ಅಲ್ಲ. ಒಂದು ಹೆಜ್ಜೆ ಹಿಂದೆ.

ಒಂದು ಹೆಜ್ಜೆ ಮುಂದೆ ಬನ್ನಿ ದೊಡ್ಡಣ್ಣ ಅಂದೆ. ಕೇಳಿಸದವರ ಹಾಗೆ ನಿಂತರು. ಅಕ್ಕ ನನ್ನನ್ನೇ ನೋಡುತ್ತಿದ್ದರು, ಸಾಕು, ಜಾಸ್ತಿ ಎಳೆಯಬೇಡ ಅನ್ನುವ ಹಾಗೆ. ನಾನೂ ಬಿಟ್ಟೆ. ಕಿಂಡಿಯನ್ನು ಸಣ್ಣ ಮಾಡಿದರೆ ಮುಂದಿನವರೂ ಹಿಂದಿನವರೂ ಸ್ಪಷ್ಟವಾಗಿ ಬರುತ್ತಾರೆ, ಅದೇ ತಾನೇ ಈ ಕ್ಯಾಮೆರಾದ ವಿದ್ಯೆ. ಅಂಕಿ ಏರಿದಷ್ಟೂ ಕಿಂಡಿ ಸಣ್ಣದು, ಎಂಟಕ್ಕೆ ಇಟ್ಟೆ. ಒಂದು ತೆಗೆದು ನೋಡಿದರೆ ಚಿತ್ರ ಬೆಳ್ಳಗೆ ಸುಟ್ಟು ಹೋಗಿತ್ತು. ಮೋಡ ಸರಿದು ಬಿಸಿಲು ಬಂತೇನೋ ಅಂತ ಮೇಲೆ ನೋಡಿದೆ. ಮೋಡ ಇದ್ದಲ್ಲೇ ಇತ್ತು. ಅಲ್ಲಿಗೆ ನನ್ನ ತಲೆ ಕೆಲಸ ಮಾಡಬೇಕಿತ್ತು. ಮಾಡಲಿಲ್ಲ. ಶಟರಿನ ವೇಗ ಏರಿಸುತ್ತ ಹೋದೆ, ಬಣ್ಣ ಹದಕ್ಕೆ ಬಂತು, ಗೆದ್ದೆ ಅಂದುಕೊಂಡೆ.

ಅಷ್ಟರಲ್ಲಿ ಸುತ್ತ ನಿಂತ ನೆಂಟರೆಲ್ಲ ಫೋನು ಎತ್ತಿದ್ದರು. ಮೂವರೂ ಒಬ್ಬೊಬ್ಬರು ಒಂದೊಂದು ಫೋನು ನೋಡುತ್ತಿದ್ದರು. ನಾನು ಕ್ಯಾಮೆರಾ ಇಳಿಸಿ, ಊರಿಗೆಲ್ಲ ಕೇಳುವ ಹಾಗೆ ಹೇಳಿದೆ: "ದಯವಿಟ್ಟು ಎಲ್ಲರೂ ಫೋನ್ ಒಳಗಿಡಿ. ಇದು ಒಂದೇ ಫೋಟೊ, ಒಂದೇ ಕ್ಯಾಮೆರಾ."

ಪಾಪ, ಎಲ್ಲರೂ ಇಟ್ಟರು. ಯಾವುದೋ ಅತ್ತೆ, ಇವರು ಕೆಲಸ ಗೊತ್ತಿದ್ದವರು, ಹೇಳಿದ ಹಾಗೆ ಕೇಳಿ ಅಂತ ಮಕ್ಕಳನ್ನು ಗದರಿದರು. ಆ ಕ್ಷಣ ನನಗೆ ಎಷ್ಟು ಖುಷಿಯಾಗಿತ್ತು ಅಂತ ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ನಾಲ್ಕಾರು ಸಲ ಒತ್ತಿದೆ. ಹಿಂದಿನ ಪುಟ್ಟ ಪರದೆಯಲ್ಲಿ ಎಲ್ಲ ಚೆನ್ನಾಗಿಯೇ ಕಂಡಿತು. ಬೆಂಕಿಪೊಟ್ಟಣದಷ್ಟು ದೊಡ್ಡ ಚಿತ್ರದಲ್ಲಿ ಯಾರು ತಾನೇ ಚೆನ್ನಾಗಿ ಕಾಣುವುದಿಲ್ಲ? ದೊಡ್ಡದು ಮಾಡಿ ನೋಡುವ ಗುಂಡಿಯೊಂದಿದೆ, ಅದು ಮರೆತೇ ಹೋಗಿತ್ತು. ಅಕ್ಕ ತೋರಿಸು ಅಂದರೆ, ಗೋಡೆಯ ಮೇಲೆ ನೋಡುವಿರಂತೆ ಅಂತ ಮುಚ್ಚಿಟ್ಟೆ. ನನ್ನ ಫೋನು ನನ್ನ ಜೇಬಿನಲ್ಲೇ ಇತ್ತು. ಇರಲಿ ಅಂತ ಅದರಲ್ಲೊಂದು ತೆಗೆಯಬಹುದಿತ್ತು. ಅಷ್ಟು ಜನರೆದುರು ಫೋನು ಹೊರತೆಗೆಯುವುದು ಅವಮಾನ ಅನ್ನಿಸಿತು.

ಸಂಜೆ ಅಕ್ಕ ಅವಸರ ಮಾಡಿದರು. ಒಂದನ್ನು ಆರಿಸಿ, ಎಂದಿನ ಹಾಗೆ ಮೂಲೆಯಲ್ಲಿ ನನ್ನ ಹೆಸರಿನ ಮುದ್ರೆ ಒತ್ತಿ ಕಳಿಸಿದೆ. ಅವರು ಅದನ್ನು ಕುಟುಂಬದ ಗ್ರೂಪಿಗೆ ಹಾಕಿದರು. ಆಮೇಲೆ ನಾನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ಅಕ್ಕನ ಸೀರೆಯ ಜರಿ ಎಳೆ ಎಳೆಯಾಗಿತ್ತು. ಗೆಳೆಯನ ಮೀಸೆಯ ಬಿಳಿ ಕೂದಲು ಲೆಕ್ಕಕ್ಕೆ ಸಿಗುತ್ತಿತ್ತು. ದೊಡ್ಡಣ್ಣ ಮಾತ್ರ ಹೊಗೆಯ ಹಿಂದೆ ನಿಂತ ಹಾಗಿದ್ದರು. ಶಾಲು ಇದೆ, ಕನ್ನಡಕದ ಹೊಳಪಿದೆ, ಮುಖ ಇಲ್ಲ. ಉಳಿದ ಫೋಟೊಗಳನ್ನು ಒಂದೊಂದಾಗಿ ತೆರೆದೆ. ಎಲ್ಲದರಲ್ಲೂ ಅದೇ.

ನಾನು ನೋಡಿದ್ದನ್ನು ಅಷ್ಟರಲ್ಲಿ ಗ್ರೂಪಿನವರೂ ಬೆರಳಲ್ಲಿ ಹಿಗ್ಗಿಸಿ ನೋಡಿಯಾಗಿತ್ತು. ಮೊದಲು ಯಾರೋ ತಮಾಷೆ ಮಾಡಿದರಂತೆ. ಆಮೇಲೆ ಇನ್ನಾರೋ, ಫೋಟೊ ತೆಗೆದವನು ಯಾರ ಗೆಳೆಯ ನೋಡಿ ಅಂದರಂತೆ. ದೊಡ್ಡಣ್ಣ ಗ್ರೂಪಿನಿಂದ ಹೊರಗೆ ಹೋದರು. ಬೆಳಿಗ್ಗೆ ಅಕ್ಕನ ಫೋನು. ಅಳು ಇರಲಿಲ್ಲ, ಬೈಗಳೂ ಇರಲಿಲ್ಲ. ತಮ್ಮನೇ ನಿನಗೆ ಹೇಳಿ ಮುಖ ಅಳಿಸಿದ್ದಾನೆ ಅಂತ ಅಣ್ಣ ತಿಳಿದುಕೊಂಡಿದ್ದಾರೆ, ಹೌದೇನಪ್ಪ ಅಂತ ಕೇಳಿದರು. ಕೇಳುವಷ್ಟು ಅನುಮಾನ ಅವರಿಗೂ ಇತ್ತು ಅನ್ನುವುದು ನನಗೆ ನೆಲ ಬಾಯಿಬಿಡಬಾರದೇ ಅನ್ನಿಸುವ ಹಾಗೆ ಮಾಡಿತು.

ಇಲ್ಲ ಅಕ್ಕ, ಬೆಳಕಿನ ತೊಂದರೆ, ಸರಿ ಮಾಡಿ ಕಳಿಸುತ್ತೇನೆ ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ. ಫೋನಿನಲ್ಲಿ ಮುಖ ಚೊಕ್ಕಟ ಮಾಡುವ ಒಂದು ಆ್ಯಪು ಇದೆ. ಹೋಂಸ್ಟೇ ಮಾಲೀಕರ ಮುಖಕ್ಕೆಲ್ಲ ನಾನು ಅದನ್ನೇ ಬಳಿಯುವುದು. ದೊಡ್ಡಣ್ಣನನ್ನು ಅದಕ್ಕೆ ಹಾಕಿದೆ. ಕ್ಷಣದಲ್ಲಿ ಹೊಗೆಯೊಳಗಿಂದ ಒಂದು ಮುಖ ಬಂತು. ಕೆನ್ನೆ ನುಣುಪು, ಎರಡೂ ಕಣ್ಣು ಸಮ. ದೊಡ್ಡಣ್ಣನ ಒಂದು ರೆಪ್ಪೆ ಚಿಕ್ಕಂದಿನಲ್ಲಿ ಕಣಜ ಕಚ್ಚಿ ಅರ್ಧ ಮುಚ್ಚಿಕೊಂಡೇ ಇರುತ್ತದೆ, ಅದು ನನಗೆ ಗೊತ್ತು. ಗೊತ್ತಿದ್ದೂ ಕಳಿಸಿದೆ. ಯಾರು ಅಷ್ಟು ನೋಡುತ್ತಾರೆ ಅಂದುಕೊಂಡೆ.

ಅಕ್ಕ ಅದನ್ನು ಅಣ್ಣನ ಮನೆಗೆ ತಾವೇ ಒಯ್ದು ತೋರಿಸಿದರು. ದೊಡ್ಡಣ್ಣ ಹೇಳಿದ ಮಾತನ್ನು ನನಗೆ ಹಾಗೇ ತಂದು ಒಪ್ಪಿಸಿದರು.

"ಮೊದಲು ನನ್ನನ್ನು ಅಳಿಸಿದ್ರು. ಈಗ ನನ್ನ ಜಾಗದಲ್ಲಿ ಬೇರೆಯವನನ್ನು ನಿಲ್ಲಿಸಿದಾರೆ."

ಇದಕ್ಕಿಂತ ಕೆನ್ನೆಗೆ ಎರಡು ಬಿಗಿದಿದ್ದರೆ ಚೆನ್ನಾಗಿತ್ತು. ಒಬ್ಬ ಹೆಂಗಸು ವರ್ಷಗಟ್ಟಲೆ ಅತ್ತ ಇತ್ತ ಓಡಾಡಿ, ಇಬ್ಬರನ್ನೂ ಒಂದು ಅಂಗಳಕ್ಕೆ ತಂದು ನಿಲ್ಲಿಸಿದ್ದರು. ಅದನ್ನು ನಾನು ನನ್ನ ದೊಡ್ಡಸ್ತಿಕೆಯಿಂದ ಮುರಿದಿದ್ದೆ.

ಆ ಮಧ್ಯಾಹ್ನ ಲೆನ್ಸನ್ನು ಕಳಚಿ ಜಗಲಿಯಲ್ಲಿ ಕೂತೆ. ಲೆನ್ಸಿನೊಳಗೆ ತೆಳು ಲೋಹದ ರೆಕ್ಕೆಗಳಿರುತ್ತವೆ, ಅವು ಕೂಡಿಕೊಂಡರೆ ಕಿಂಡಿ ಸಣ್ಣದು, ಸರಿದರೆ ದೊಡ್ಡದು. ಕಣ್ಣಿಟ್ಟು ನೋಡುವಾಗ ಕಿಂಡಿ ಯಾವಾಗಲೂ ತೆರೆದೇ ಇರುತ್ತದೆ, ಗುಂಡಿ ಒತ್ತಿದ ಗಳಿಗೆಯಲ್ಲಿ ಮಾತ್ರ ಮುಚ್ಚಿಕೊಳ್ಳುತ್ತದೆ. ಲೆನ್ಸಿನ ಹಿಂಬದಿಯ ಸಣ್ಣ ಕಡ್ಡಿಯನ್ನು ತಳ್ಳಿ ಬಿಟ್ಟರೆ ರೆಕ್ಕೆಗಳು ಚಟ್ಟನೆ ಕೂಡಬೇಕು. ತಳ್ಳಿ ಬಿಟ್ಟೆ. ಊಟವಾದ ಮೇಲೆ ಎದ್ದೇಳುವ ನೆಂಟರ ಹಾಗೆ, ನಿಧಾನಕ್ಕೆ ಹೊರಟವು. ಬೆಳಕಿಗೆ ಓರೆ ಹಿಡಿದರೆ ಅವುಗಳ ಮೇಲೆ ಎಣ್ಣೆಯ ಪಸೆ ಹೊಳೆಯುತ್ತಿತ್ತು. ಲೆನ್ಸಿನೊಳಗಿನ ಗ್ರೀಸು ಡ್ರೈಯರಿನ ಬಿಸಿಗೆ ಕರಗಿ ರೆಕ್ಕೆಗಳಿಗೆ ಹರಿದಿತ್ತು. ನಾನು ಎಂಟು ಅಂತ ಇಟ್ಟದ್ದು ಬರೀ ಅಂಕಿ. ತೆಗೆದದ್ದೆಲ್ಲ ಬಾಯಿ ತೆರೆದ ಕಿಂಡಿಯಲ್ಲಿ. ಚಿತ್ರ ಬೆಳ್ಳಗಾದದ್ದು ಅದಕ್ಕೇ, ಹಿಂದೆ ನಿಂತವರು ಕರಗಿದ್ದೂ ಅದಕ್ಕೇ.

ಕಾರಣ ಸಿಕ್ಕಿತಲ್ಲ ಅಂತ ಒಂದು ಕ್ಷಣ ಹಗುರವಾಯಿತು. ಆದರೆ ದೊಡ್ಡಣ್ಣನ ಹತ್ತಿರ ಹೋಗಿ ಏನು ಹೇಳುವುದು? ನಿಮ್ಮ ಮುಖ ಹೋದದ್ದು ನಿಮ್ಮ ತಮ್ಮನ ಡ್ರೈಯರಿನಿಂದ ಅಂತಲೇ? ಅವರ ಅನುಮಾನಕ್ಕೆ ನಾನೇ ಸೌದೆ ಹಾಕಿದ ಹಾಗೆ. ಗೆಳೆಯನನ್ನು ಕೇಳಿದೆ. ಅವನು ಸಿಟ್ಟಿನಲ್ಲಿದ್ದ. ನನ್ನ ಡ್ರೈಯರಿನ ಹೆಸರು ಎತ್ತಬೇಡ, ಬೇರೆ ಯಾರದ್ದೋ ಅನ್ನು, ಇಲ್ಲ ಮಳೆನೀರು ಬಿತ್ತು ಅನ್ನು ಅಂದ. ಅದೂ ಸರಿಯೆನ್ನಿಸಿತು. ರಸ್ತೆಯುದ್ದಕ್ಕೂ ಮಳೆನೀರಿನ ಸುಳ್ಳನ್ನು ಬಾಯಿಪಾಠ ಮಾಡುತ್ತಲೇ ದೊಡ್ಡಣ್ಣನ ಮನೆಗೆ ಹೋದೆ.

ಅವರು ಕಣದಲ್ಲಿ ನಿಂತಿದ್ದರು. ಕೂರು ಅನ್ನಲಿಲ್ಲ. ನಮ್ಮಪ್ಪ ಹಾಸನದ ಕಡೆಯಿಂದ ಎಸ್ಟೇಟಿಗೆ ಲೆಕ್ಕ ಬರೆಯುವ ರೈಟರ್ ಆಗಿ ಬಂದವರು, ಹಾಗಾಗಿ ದೊಡ್ಡಣ್ಣ ನನ್ನ ಹತ್ತಿರ ಯಾವಾಗಲೂ ಕನ್ನಡವೇ, ಅವರ ಮನೆಮಾತಾದ ಅರೆಭಾಷೆ ಮನೆಯವರ ಜೊತೆ ಮಾತ್ರ. ಆ ದಿನ ಅದೂ ಇಲ್ಲ, ಇದೂ ಇಲ್ಲ. ನಾನು ಬ್ಯಾಗು ಬಿಚ್ಚಿ ಲೆನ್ಸು ತೆಗೆದೆ. ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅವರ ಅರ್ಧ ಮುಚ್ಚಿದ ರೆಪ್ಪೆ ನನ್ನ ಎದುರಿಗಿತ್ತು. ನಾನು ತೆರೆದು ಕಳಿಸಿದ್ದೆನಲ್ಲ, ಅದೇ ರೆಪ್ಪೆ. ಇನ್ನೊಂದು ಸುಳ್ಳನ್ನು ಅವರ ಮುಖದ ಮೇಲೆ ಬಳಿಯಲಿಕ್ಕೆ ನನ್ನಿಂದ ಆಗಲಿಲ್ಲ.

ಎಲ್ಲ ಹೇಳಿದೆ. ಮಂಜು ಹಿಡಿದದ್ದು, ಡ್ರೈಯರ್ ಯಾರದ್ದು ಅನ್ನುವುದು, ಗ್ರೀಸು ಕರಗಿದ್ದು, ಬೆಳ್ಳಗಾದಾಗಲೂ ಎಚ್ಚರಾಗದೆ ಜಂಭ ಮಾಡಿದ್ದು, ಆ್ಯಪಿಗೆ ಹಾಕಿದ್ದು. ನಿಮ್ಮ ತಮ್ಮನಿಗೆ ಇದರಲ್ಲಿ ಏನೂ ಗೊತ್ತಿಲ್ಲ, ತಪ್ಪು ನಂದು ಅಂದೆ.

ದೊಡ್ಡಣ್ಣ ಕೈ ಚಾಚಿದರು. ಲೆನ್ಸು ಕೊಟ್ಟೆ. ಅವರು ಅದರೊಳಗೆ ನೋಡಲಿಲ್ಲ. ಮೂಗಿನ ಹತ್ತಿರ ಹಿಡಿದು ಮೂಸಿದರು. ಮತ್ತೊಮ್ಮೆ ಮೂಸಿದರು.

"ಬೆಂಕಿ ಜೋರು ಮಾಡ್ತಾನೆ," ಅಂದರು. "ಕಾಯಿ ಸೀಯುವ ವಾಸನೆ ಇದೆ. ಇಷ್ಟು ವರ್ಷ ಆದ್ರೂ ಅವನಿಗೆ ಹದ ಬರ್ಲಿಲ್ಲ."

ನಾನು ಕೈ ಮುಗಿದು, ಇನ್ನೊಂದು ಸಲ ನಿಂತರೆ ಸರಿಯಾಗಿ ತೆಗೆಯುತ್ತೇನೆ ದೊಡ್ಡಣ್ಣ ಅಂದೆ. ಅವರು ಲೆನ್ಸನ್ನು ನನ್ನ ಅಂಗೈಯಲ್ಲಿಟ್ಟರು.

"ಮುಂದೆ ಬನ್ನಿ ಅಂತ ನೀನು ಹೇಳಿದ್ದೆ. ನಂಗೆ ಕೇಳಿಸಿತ್ತು. ಹಿಂದೆ ನಿಂತವನು ಇಷ್ಟೇ ಕಾಣೋದು ಅಂತ ಇರ್ಲಿ. ಮೊದಲಿನದನ್ನೇ ಹಾಕಲಿಕ್ಕೆ ಹೇಳು ಅವಳಿಗೆ. ಆ ಇನ್ನೊಬ್ಬನನ್ನು ಸುಟ್ಟುಬಿಡು."

ಬಯ್ಯುತ್ತಾರೆ ಅಂತ ತಯಾರಾಗಿ ಹೋದವನಿಗೆ ಇದನ್ನು ತಡೆದುಕೊಳ್ಳಲಾಗಲಿಲ್ಲ. ತಪ್ಪಿನಲ್ಲಿ ತಮ್ಮ ಪಾಲನ್ನು ಅವರು ತೆಗೆದುಕೊಂಡರು ನಿಜ. ಹಾಗಂತ ನನ್ನ ಪಾಲು ಒಂದು ಚೂರೂ ಕಡಿಮೆಯಾಗಲಿಲ್ಲ.

ಬೆಂಕಿಯ ಮಾತನ್ನು ಗೆಳೆಯನಿಗೆ ಮುಟ್ಟಿಸಿದೆ. ಹೇಳುವುದಿದ್ದರೆ ಅವನೇ ಬಂದು ಹೇಳಲಿ, ಇನ್ನೊಬ್ಬರ ಬಾಯಲ್ಲಿ ಹೇಳಿ ಕಳಿಸುವುದು ಬೇಡ ಅಂತ ಅವನು ಗುರ್ರೆಂದ. ಆ ಉತ್ತರವನ್ನೂ ತಿರುಗಿ ಮುಟ್ಟಿಸಿದೆ. ಮಾಡಿದ್ದುಣ್ಣೋ ಮಹರಾಯ ಅಂತ ನನಗೀಗ ಅಂಚೆಯವನ ಕೆಲಸ. ಒಂದು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ನಾನು ಡ್ರೈಯರಿನ ಹತ್ತಿರ ಗೆಳೆಯನ ಜೊತೆ ಮಾತಾಡುತ್ತಿರುವಾಗ ದೊಡ್ಡಣ್ಣನ ಜೀಪು, ಹಸಿ ಏಲಕ್ಕಿ ತುಂಬಿಕೊಂಡು, ಎಂದಿನ ಹಾಗೆ ಮನೆ ಮುಂದೆ ಬಂತು. ನಿಂತಿತು. ಅವರು ಇಳಿದು ಬಂದು ಹೊಸ್ತಿಲ ಹೊರಗೇ ನಿಂತು, ಒಳಗೆ ಬಗ್ಗಿ ನೋಡಿ, ಯಾರನ್ನೂ ನೋಡದೆ, ಅರೆಭಾಷೆಯಲ್ಲಿ ಅಂದರು: "ಕಿಚ್ಚು ಕಮ್ಮಿ ಮಾಡ್."

ಗೆಳೆಯ ಎರಡು ಕೊಳ್ಳಿ ಹೊರಗೆಳೆದ. ಜೀಪು ಹೋಯಿತು. ಏಲಕ್ಕಿ ಇಳಿಸಲಿಲ್ಲ, ಒಳಗೆ ಬರಲಿಲ್ಲ. ಹೊಸ್ತಿಲವರೆಗೆ ಬಂದರು, ಅಷ್ಟೇ. ಅದನ್ನು ಅಕ್ಕನಿಗೆ ಹೇಳಿದಾಗ ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡು, ಎರಡೇ ಕೊಳ್ಳಿಯಾ ಅಂತ ಕೇಳಿದರು.

ಲೆನ್ಸನ್ನು ಮಡಿಕೇರಿಯ ರಿಪೇರಿಯವರು ಬಿಚ್ಚಿ ತೊಳೆದುಕೊಟ್ಟರು. ರೆಕ್ಕೆಗಳು ಈಗ ಚಟ್ಟನೆ ಕೂಡುತ್ತವೆ. ವಾಸನೆ ಮಾತ್ರ ಹೋಗಿಲ್ಲ. ಈಗ ಪ್ರತಿ ಕೆಲಸಕ್ಕೂ ಮುಂಚೆ ಕಿಂಡಿ ಮುಚ್ಚಿ ಪರೀಕ್ಷೆ ಮಾಡುತ್ತೇನೆ, ತೆಗೆದ ಮೇಲೆ ಒಬ್ಬೊಬ್ಬರ ಮುಖವನ್ನೂ ದೊಡ್ಡದು ಮಾಡಿ ನೋಡುತ್ತೇನೆ. ಯಾರಾದರೂ ಪಕ್ಕದಲ್ಲಿ ಫೋನು ಎತ್ತಿದರೆ ಸುಮ್ಮನೆ ಜಾಗ ಬಿಡುತ್ತೇನೆ.

ಅಕ್ಕ ಆ ಮೊದಲಿನ ಫೋಟೊವನ್ನೇ ದೊಡ್ಡದು ಮಾಡಿಸಿದರು. ನಾನು ಕಳಿಸಿದ್ದನ್ನು ಹಾಗೇ ಒಯ್ದು ಮಾಡಿಸಿದ್ದು, ನನ್ನನ್ನು ಕೇಳಲಿಲ್ಲ. ಹೊಸ ಮನೆಯ ಹಜಾರದಲ್ಲಿ, ಬಾಗಿಲು ದಾಟಿದ ಕೂಡಲೇ ಕಾಣುವ ಹಾಗೆ ಹಾಕಿದ್ದಾರೆ. ಬಂದವರು ಹಿಂದೆ ನಿಂತಿರುವ ಆ ಮಸುಕಿನವರು ಯಾರು ಅಂತ ಕೇಳುತ್ತಾರೆ. ಅಕ್ಕ, ನಮ್ಮಣ್ಣ, ಈಗ ಸ್ವಲ್ಪ ಮುಂದೆ ಬಂದಿದ್ದಾನೆ ಅನ್ನುತ್ತಾರೆ. ತೆಗೆದವರು ಯಾರು ಅಂತ ಮಾತ್ರ ಇದುವರೆಗೆ ಯಾರೂ ಕೇಳಿಲ್ಲ. ಕೇಳಬೇಕಾಗಿಯೂ ಇಲ್ಲ. ಕೆಳಗಿನ ಮೂಲೆಯಲ್ಲಿ ನನ್ನ ಹೆಸರು ಕನ್ನಡಕ ಇಲ್ಲದವರೂ ಓದುವಷ್ಟು ಸ್ಪಷ್ಟವಾಗಿದೆ.